ಸಿಂಗಪುರದಲ್ಲಿ ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲದ ನೂಡಲ್ಸ್: ಅಜ್ಜಿ ಮತ್ತು ಮೊಮ್ಮಗಳು ಒಟ್ಟಿಗೆ ಎಲ್ಲಿ ತಿನ್ನಬಹುದು?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನಿಂದ ಸಿಂಗಪುರಕ್ಕೆ ಬಂದು ಎಂಟು ತಿಂಗಳಾಯಿತು. ಮುಂದಿನ ತಿಂಗಳು ಸಾಗರದಿಂದ ನಮ್ಮ ಅತ್ತೆಯವರು ಬರಲಿದ್ದು, ಆರು ವಾರ ನಮ್ಮೊಂದಿಗೆ ಇರುತ್ತಾರೆ. ಅವರು ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವವರಲ್ಲ, ಅಣಬೆಯೂ ಆಗುವುದಿಲ್ಲ. ಹದಿನಾರು ವರ್ಷದ ನನ್ನ ಮಗಳು ಕಳೆದ ವರ್ಷ ಹಾಲು, ಮೊಸರು, ತುಪ್ಪಗಳನ್ನೆಲ್ಲ ಬಿಟ್ಟು ವೀಗನ್ ಆಗಿದ್ದಾಳೆ. ಅಜ್ಜಿ ಪ್ರೀತಿಯಿಂದ ಬಡಿಸುವ ಮಜ್ಜಿಗೆ ಹುಳಿಯನ್ನು ಮೊಮ್ಮಗಳು ಒಲ್ಲೆ ಎನ್ನುತ್ತಾಳೆ, ಮೊಮ್ಮಗಳು ಇಷ್ಟಪಡುವ ಅಣಬೆಯನ್ನು ಅಜ್ಜಿ ಕಣ್ಣೆತ್ತಿಯೂ ನೋಡುವುದಿಲ್ಲ. ಇಬ್ಬರೂ ಒಪ್ಪುವ ಒಂದೇ ತಿನಿಸು ನೂಡಲ್ಸ್. ಊರಿನಲ್ಲಿ ಒತ್ತು ಶಾವಿಗೆ ಮಾಡುವುದರಲ್ಲಿ ಅತ್ತೆಯವರದು ಎತ್ತಿದ ಕೈ. ಚೀನೀಯರ ಶಾವಿಗೆಯನ್ನು ಅವರ ಅಂಗಡಿಯಲ್ಲಿಯೇ ಕುಳಿತು ಒಮ್ಮೆ ತಿನ್ನಬೇಕೆಂಬುದು ಅವರ ಬಹುದಿನಗಳ ಆಸೆ.

ಆದರೆ ನನ್ನ ಈವರೆಗಿನ ಅನುಭವ ಧೈರ್ಯ ಕೊಡುವಂತಿಲ್ಲ. ಕಳೆದ ವಾರ ಮನೆಯ ಹತ್ತಿರದ ಒಂದು ಫುಡ್ ಕೋರ್ಟಿನಲ್ಲಿ ಮಾಂಸ ಬೇಡವೆಂದು ಎರಡು ಸಲ ಹೇಳಿ ಸೂಪ್ ನೂಡಲ್ಸ್ ತರಿಸಿದೆವು. ಮೇಲಿರಬೇಕಾದ ಕೋಳಿಯ ತುಂಡುಗಳು ಇರಲಿಲ್ಲ ನಿಜ, ಅರ್ಧ ತಿಂದ ಮೇಲೆ ಬಟ್ಟಲಿನ ತಳದಲ್ಲಿ ಕಣ್ಣು ಬಿಟ್ಟುಕೊಂಡಿದ್ದ ಪುಟ್ಟ ಪುಟ್ಟ ಒಣಮೀನುಗಳು ಕಾಣಿಸಿದವು. ಮಗಳು ಅಂದಿನಿಂದ ಹೊರಗೆ ಅನ್ನ ಮತ್ತು ತೋಫು ಬಿಟ್ಟು ಬೇರೇನನ್ನೂ ಕೇಳುತ್ತಿಲ್ಲ. ಇಲ್ಲಿ ಬಹಳ ವರ್ಷಗಳಿಂದ ಇರುವವರು ದಯವಿಟ್ಟು ದಾರಿ ತೋರಿಸಬೇಕು.


ಬೆಣ್ಣೆದೋಸೆ

ಮೇಡಂ, ಇದಕ್ಕೆ ಇಷ್ಟು ಯೋಚನೆ ಏಕೆ? ಸೆರಂಗೂನ್ ರಸ್ತೆಗೆ ಹೋಗಿ. 1947ರಿಂದ ನಡೆಯುತ್ತಿರುವ ಕೋಮಳ ವಿಲಾಸ ಅಲ್ಲಿದೆ, 1924ರ ಆನಂದ ಭವನ ಇದೆ, ಪೆರುಮಾಳ್ ದೇವಸ್ಥಾನದ ಎದುರಿಗೆ ನಮ್ಮ ಎಂ.ಟಿ.ಆರ್. ಕೂಡ ಇದೆ. ನೂಡಲ್ಸ್ ಬೇಕೆಂದರೆ ಉತ್ತರ ಭಾರತದ ಸಸ್ಯಾಹಾರಿ ಹೋಟೆಲುಗಳಲ್ಲಿ ಹಕ್ಕಾ ನೂಡಲ್ಸ್ ಸಿಗುತ್ತದೆ. ಮೀನಿನ ಭಯವಿಲ್ಲ, ಭಾಷೆಯ ತೊಡಕಿಲ್ಲ.


ತುಂಗಾತೀರ

ಬೆಣ್ಣೆದೋಸೆ ಅವರೇ, ನಾವೂ ಮೊದಲು ಹಾಗೆಯೇ ಯೋಚಿಸಿದ್ದೆವು. ಆದರೆ ಹಕ್ಕಾ ನೂಡಲ್ಸಿಗೆ ಮೊದಲು ಬೀಳುವುದೇ ಬೆಳ್ಳುಳ್ಳಿ ಮತ್ತು ಈರುಳ್ಳಿ. ಅವುಗಳನ್ನು ತೆಗೆದರೆ ಉಳಿಯುವುದು ಸೋಯಾ ಸಾಸಿನಲ್ಲಿ ಹೊರಳಿದ ಗೋಧಿ ಎಳೆ ಮಾತ್ರ ಎಂದು ಮಾಣಿಯೇ ನಕ್ಕು ಹೇಳಿದರು. ನಮ್ಮ ಕಡೆಯ ಹೋಟೆಲುಗಳಲ್ಲಿ ಅತ್ತೆಯವರಿಗೆ ತೊಂದರೆಯಾಗಲಾರದು, ಆದರೆ ಮಗಳ ಪಾಡು ಕಷ್ಟ. ದೋಸೆಯ ಕಾವಲಿಗೂ ತುಪ್ಪ, ಪೊಂಗಲಿಗೂ ತುಪ್ಪ, ಶಾವಿಗೆ ಉಪ್ಪಿಟ್ಟಿಗೂ ಕೊನೆಗೊಂದು ಚಮಚ ತುಪ್ಪ. ಅದಲ್ಲದೆ ಸಾಗರದಿಂದ ಇಷ್ಟು ದೂರ ಬಂದವರನ್ನು ಮತ್ತೆ ಇಡ್ಲಿ ತಿನ್ನಲು ಕರೆದೊಯ್ಯುವ ಮನಸ್ಸಿಲ್ಲ.


ಕಡಲಾಚೆ

ತುಂಗಾತೀರ ಅವರೇ, ನಾನು ಇಲ್ಲಿಗೆ ಬಂದು ಹದಿನೆಂಟು ವರ್ಷಗಳಾದವು, ಮೊದಲ ಎರಡು ವರ್ಷ ನೀವು ಹೇಳಿದ ತಪ್ಪನ್ನೇ ಮಾಡಿದವನು. ಮಾಂಸದ ಖಾದ್ಯವೊಂದನ್ನು ಆರಿಸಿಕೊಂಡು ಅದರಿಂದ ಇದನ್ನು ತೆಗೆಯಿರಿ, ಅದನ್ನು ಹಾಕಬೇಡಿ ಎಂದು ಕೇಳುವುದು ಇಲ್ಲಿ ಸೋಲುವ ದಾರಿ. ಏಕೆಂದರೆ ನೂಡಲ್ಸ್ ಖಾದ್ಯದಲ್ಲಿ ಕಣ್ಣಿಗೆ ಕಾಣುವ ಮಾಂಸವು ಕೊನೆಯ ಅಲಂಕಾರವಷ್ಟೇ. ರುಚಿಯೆಲ್ಲ ಅಂಗಡಿ ತೆರೆಯುವ ಮೊದಲೇ ಕುದಿದು, ಅರೆದು ಸಿದ್ಧವಾಗಿರುತ್ತದೆ. ನಿಮ್ಮ ಬಟ್ಟಲಿನಲ್ಲಿ ಸಿಕ್ಕ ಮೀನಿನ ಹೆಸರು ಇಕಾನ್ ಬಿಲಿಸ್. ಬಾನ್ ಮಿಯಾನ್ ಎಂಬ ಸೂಪ್ ನೂಡಲ್ಸಿನ ಸಾರಿಗೆ ಅದೇ ಆಧಾರ, ಆದ್ದರಿಂದ ಅದನ್ನು ತೆಗೆಯುವುದೆಂದರೆ ನಮ್ಮ ಸಾರಿನಿಂದ ಬೇಳೆಯನ್ನು ತೆಗೆದುಕೊಡಿ ಎಂದು ಕೇಳಿದಂತೆ. ಲಕ್ಸಾ ಎಂಬ ಖಾರದ ನೂಡಲ್ಸ್ ಸಾರಿನ ಮಸಾಲೆಯನ್ನು ಅರೆಯುವಾಗಲೇ ಒಣ ಸಿಗಡಿ ಸೇರಿರುತ್ತದೆ, ಮೇಲಿನ ತೆಂಗಿನ ಹಾಲನ್ನು ನೋಡಿ ಇದು ನಮ್ಮ ಗಸಿಯಂತಿದೆ ಎಂದು ಮೋಸಹೋಗಬಾರದು. ಚಾರ್ ಕ್ವೇ ತಿಯೋ ಎಂಬ ಹುರಿದ ಅಕ್ಕಿ ನೂಡಲ್ಸಿಗೆ ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬನ್ನೇ ಬಳಸುತ್ತಾರೆ. ಬರಿಯ ಸೊಪ್ಪಿನ ಪಲ್ಯದ ಮೇಲೂ ಸಿಂಪಿ ಮೀನಿನ ಸಾಸ್ ಸುರಿದಿರಬಹುದು. ಪಕ್ಕದಲ್ಲಿಡುವ ಸಂಬಲ್ ಎಂಬ ಮೆಣಸಿನಕಾಯಿ ಚಟ್ನಿಯಲ್ಲಿ ಬೆಲಾಚಾನ್, ಅಂದರೆ ಹುದುಗಿಸಿದ ಸಿಗಡಿಯ ಉಂಡೆ, ಬೆರೆತಿರುವುದು ಸಾಮಾನ್ಯ.

ಇನ್ನೊಂದು ಭ್ರಮೆಯನ್ನೂ ಮೊದಲೇ ಕಳೆದುಕೊಳ್ಳುವುದು ಒಳ್ಳೆಯದು. ಹಂದಿಮಾಂಸವಿಲ್ಲ, ಹಂದಿಕೊಬ್ಬಿಲ್ಲ ಎಂಬ ಫಲಕವನ್ನು ಕಂಡು ನಮ್ಮವರು ಕೆಲವರು ನೆಮ್ಮದಿಯಿಂದ ಒಳಗೆ ಹೋಗುತ್ತಾರೆ. ಆ ಫಲಕ ಹೇಳುವುದು ಅಷ್ಟನ್ನೇ. ಕೋಳಿ, ಕುರಿ, ಮೀನುಗಳ ವಿಚಾರವಾಗಿ ಅದು ಏನನ್ನೂ ಹೇಳುವುದಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮೊದಲಿನಿಂದಲೇ ಪ್ರಾಣಿಯನ್ನು ಬಿಟ್ಟು ಅಡುಗೆ ಕಟ್ಟಿದವರ ಹತ್ತಿರ ಹೋಗಬೇಕು, ಮತ್ತು ಅಂಥವರು ಈ ನಗರದಲ್ಲಿ ತಲೆಮಾರುಗಳಿಂದ ಇದ್ದಾರೆ. ಚೀನೀ ಬೌದ್ಧರ ಮತ್ತು ದಾವ್ ಪಂಥದವರ ವ್ರತದ ಅಡುಗೆಯನ್ನು ಮಾರುವ ಅಂಗಡಿ ಬಹುತೇಕ ಪ್ರತಿಯೊಂದು ದೊಡ್ಡ ಹಾಕರ್ ಸೆಂಟರಿನಲ್ಲಿಯೂ, ಅಂದರೆ ಒಂದೇ ಸೂರಿನಡಿ ಹಲವು ಸಣ್ಣ ತಿಂಡಿ ಅಂಗಡಿಗಳಿರುವ ಜಾಗದಲ್ಲಿಯೂ, ಒಂದಾದರೂ ಸಿಗುತ್ತದೆ. ಫಲಕದಲ್ಲಿ ‘ಸು’ ಎಂಬ ಅಕ್ಷರವನ್ನು ಹುಡುಕಿ: ಮೇಲ್ಭಾಗದಲ್ಲಿ ಮೂರು ಅಡ್ಡಗೆರೆಗಳನ್ನು ಒಂದು ನಿಲುಗೆರೆ ಹಾದುಹೋಗಿರುತ್ತದೆ, ಕೆಳಗೆ ನೂಲಿನ ಗಂಟಿನಂಥ ಆಕೃತಿ ಇರುತ್ತದೆ. ಬಣ್ಣ ಹಾಕದ ಬಿಳಿಯ ರೇಷ್ಮೆ ಎಂಬುದು ಆ ಅಕ್ಷರದ ಮೂಲಾರ್ಥ. ‘ಜಾಯ್’ ಎಂಬ ಇನ್ನೊಂದು ಅಕ್ಷರವೂ ಇದೆ, ಅದು ವ್ರತದ ಊಟವನ್ನು ಸೂಚಿಸುತ್ತದೆ. ಕೆಲವು ಅಂಗಡಿಗಳಲ್ಲಿ ಸ್ವಸ್ತಿಕವೂ ಕಾಣಸಿಗುತ್ತದೆ. ನಿಮ್ಮ ಅತ್ತೆಯವರು ಅದನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ.

ನಿಮ್ಮ ಮನೆಯ ಸಮಸ್ಯೆಗೆ ಇದು ಹೇಳಿ ಮಾಡಿಸಿದಂತಿದೆ ಎನ್ನಲು ಕಾರಣವಿದೆ. ಚೀನೀ ಬೌದ್ಧ ಅಡುಗೆಯಲ್ಲಿ ಐದು ಕಟುವಾಸನೆಯ ಪದಾರ್ಥಗಳು ನಿಷಿದ್ಧ, ಅವುಗಳಲ್ಲಿ ಈರುಳ್ಳಿಯ ಬಳಗವೂ ಬೆಳ್ಳುಳ್ಳಿಯೂ ಸೇರಿವೆ. ಜೊತೆಗೆ ಚೀನೀ ಅಡುಗೆಯಲ್ಲಿ ಹಾಲು, ಬೆಣ್ಣೆ, ತುಪ್ಪಗಳಿಗೆ ಮೊದಲಿನಿಂದಲೂ ಸ್ಥಾನ ಕಡಿಮೆ. ಅಜ್ಜಿಯ ನಿಷೇಧವನ್ನು ಅವರು ಧರ್ಮದ ಕಾರಣದಿಂದ ಪಾಲಿಸಿದರೆ, ಮೊಮ್ಮಗಳ ನಿಷೇಧ ರೂಢಿಯ ಕಾರಣದಿಂದಲೇ ಬಹುಮಟ್ಟಿಗೆ ಪಾಲನೆಯಾಗುತ್ತದೆ. ಒಂದು ತಮಾಷೆಯ ಸಂಗತಿ ಎಂದರೆ ಆ ಐದರ ಪಟ್ಟಿಯಲ್ಲಿ ಇಂಗು ಕೂಡ ಇದೆ. ಅವರ ಗ್ರಂಥಗಳಲ್ಲಿ ಅದಕ್ಕೆ ಬಳಸುವ ಹೆಸರು ನಮ್ಮ ಸಂಸ್ಕೃತದ ‘ಹಿಂಗು’ವಿನಿಂದಲೇ ಹೋದದ್ದು. ಈರುಳ್ಳಿಯಿಲ್ಲದ ಕೊರತೆಯನ್ನು ನಾವು ಇಂಗಿನಿಂದ ತುಂಬಿಕೊಳ್ಳುತ್ತೇವೆ, ಪಾಪ, ಅವರಿಗೆ ಆ ದಾರಿಯೂ ಮುಚ್ಚಿದೆ.

ಮೊದಲ ಸಲ ಹೋಗುವುದಾದರೆ ಮಿಡ್ಲ್ ರಸ್ತೆಯ ಫಾರ್ಚೂನ್ ಸೆಂಟರ್ ಎಂಬ ಹಳೆಯ ಕಟ್ಟಡಕ್ಕೆ ಹೋಗಿ. ಬೆಂಕೂಲೆನ್ ಮೆಟ್ರೊ ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆ. ಅಲ್ಲಿ ಬೇರೆ ಬೇರೆ ಅಂತಸ್ತುಗಳಲ್ಲಿ ಹಲವು ಸಸ್ಯಾಹಾರಿ ಅಂಗಡಿಗಳಿವೆ. ಅವು ಅಲ್ಲಿ ನೆಲೆಯೂರಿರುವುದು ಆಕಸ್ಮಿಕವಲ್ಲ: ಹತ್ತಿರದ ವಾಟರ್‌ಲೂ ಬೀದಿಯಲ್ಲಿ ಕ್ವಾನ್ ಇಮ್ ದೇವಿಯ ಪ್ರಸಿದ್ಧ ಗುಡಿ ಇದೆ, ದರ್ಶನಕ್ಕೆ ಬಂದವರು ಆ ದಿನ ವ್ರತದ ಊಟವನ್ನೇ ಬಯಸುತ್ತಾರೆ. ಆ ಗುಡಿಯ ಪಕ್ಕದಲ್ಲಿಯೇ ಶ್ರೀಕೃಷ್ಣನ ದೇವಸ್ಥಾನವಿದ್ದು, ಕ್ವಾನ್ ಇಮ್‌ಗೆ ಕೈಮುಗಿದ ಚೀನೀ ಭಕ್ತರು ಅಲ್ಲಿಗೂ ಬಂದು ಊದುಬತ್ತಿ ಹಚ್ಚುತ್ತಾರೆ.


ಶಾವಿಗೆಮಣೆ

ಕಡಲಾಚೆ ಅವರು ಸಾರು, ಸಾಸುಗಳ ಬಗ್ಗೆ ಹೇಳಿದ್ದಾರೆ. ನಾನು ಎಳೆಗಳ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಏಕೆಂದರೆ ಇಲ್ಲಿ ಅಂಗಡಿಯವರು ಮೊದಲು ಕೇಳುವುದೇ ಯಾವ ನೂಡಲ್ಸ್ ಎಂದು, ಮತ್ತು ಹಿಂದೆ ಸಾಲು ಬೆಳೆದಿರುವಾಗ ಯೋಚಿಸುತ್ತ ನಿಲ್ಲಲು ಸಮಯವಿರುವುದಿಲ್ಲ.

ಬೀ ಹೂನ್ ಎಂದರೆ ಅಕ್ಕಿಯ ಸಣ್ಣ ಎಳೆ. ನಮ್ಮ ಒತ್ತು ಶಾವಿಗೆಯನ್ನು ಒಣಗಿಸಿ ಇನ್ನಷ್ಟು ನವಿರು ಮಾಡಿದರೆ ಹೇಗಿರುತ್ತದೆಯೋ ಹಾಗಿರುತ್ತದೆ. ಅತ್ತೆಯವರಿಗೆ ಪರಿಚಯ ಹೇಳಬೇಕಾದ ಅಗತ್ಯವೇ ಬೀಳದು. ಕ್ವೇ ತಿಯೋ ಅಕ್ಕಿಯದೇ, ಆದರೆ ಅಗಲವಾದ ಪಟ್ಟಿ. ಬಿಸಿಯಿರುವಾಗ ನೀರು ದೋಸೆಯನ್ನು ಉದ್ದುದ್ದ ಕತ್ತರಿಸಿದಂತೆ ಜಾರುತ್ತದೆ. ತಾಂಗ್ ಹೂನ್ ಗಾಜಿನಂತೆ ಪಾರದರ್ಶಕ, ಅದನ್ನು ಹೆಸರುಕಾಳಿನ ಪಿಷ್ಟದಿಂದ ಮಾಡುತ್ತಾರೆ. ಈ ಮೂರರಲ್ಲಿಯೂ ಮೊಟ್ಟೆಯಿಲ್ಲ, ಕಣ್ಣುಮುಚ್ಚಿ ಆರಿಸಬಹುದು.

ಸಂದೇಹ ಬರುವುದು ಗೋಧಿಯ ಎಳೆಗಳಲ್ಲಿ. ಮೀ ಎಂದು ಕರೆಯುವ ದಪ್ಪ ಹಳದಿ ನೂಡಲ್ಸನ್ನು ನೋಡಿದ ಕೂಡಲೇ ಮೊಟ್ಟೆಯಿದೆ ಎಂದು ಎಲ್ಲರೂ ತಿಳಿಯುತ್ತಾರೆ, ಆದರೆ ಆ ಹಳದಿಯು ಹಿಟ್ಟಿಗೆ ಬೆರೆಸುವ ಕ್ಷಾರದಿಂದಲೂ ಬಣ್ಣದಿಂದಲೂ ಬಂದದ್ದಿರಬಹುದು. ಅದಕ್ಕೆ ವ್ಯತಿರಿಕ್ತವಾಗಿ ಮೀ ಪೋಕ್ ಎಂಬ ಚಪ್ಪಟೆ ಎಳೆ ಮತ್ತು ವೊಂಟನ್ ನೂಡಲ್ಸಿನ ಸಪೂರ ಎಳೆಗಳಲ್ಲಿ ಮೊಟ್ಟೆ ಇರುವುದೇ ಹೆಚ್ಚು. ಸು ಅಂಗಡಿಗಳಲ್ಲಿಯೂ ಗೋಧಿಯ ಎಳೆ ಬೇಕೆಂದರೆ ಕೇಳಿಯೇ ತೆಗೆದುಕೊಳ್ಳಿ, ಇಲ್ಲವೇ ಬೀ ಹೂನ್ ಎಂದು ಹೇಳಿ ನಿಶ್ಚಿಂತರಾಗಿ.

ಖಾದ್ಯಗಳಲ್ಲಿ ನನ್ನ ಮೊದಲ ಶಿಫಾರಸು ಬೆಳಗಿನ ತಿಂಡಿಯಾದ ಸಸ್ಯಾಹಾರಿ ಬೀ ಹೂನ್. ಕಪ್ಪು ಸೋಯಾ ಸಾಸಿನಲ್ಲಿ ಹುರಿದ ಶಾವಿಗೆಯ ಗುಡ್ಡ, ಅದರ ಮೇಲೆ ಎಲೆಕೋಸಿನ ಪಲ್ಯ, ಕರಿದ ಸೋಯಾ ಹಾಲಿನ ಕೆನೆಪದರ; ಆ ಪದರ ನಮ್ಮ ಹಪ್ಪಳದ ಹಾಗೆಯೇ ಕಟಕಟ ಎನ್ನುತ್ತದೆ. ಹಾಕರ್ ಸೆಂಟರಿನಲ್ಲಿ ನಾಲ್ಕೈದು ಡಾಲರಿಗೆ ಹೊಟ್ಟೆ ತುಂಬುತ್ತದೆ. ಆದರೆ ಇದು ಬೆಳಗಿನ ವ್ಯಾಪಾರ. ಹಲವು ಅಂಗಡಿಗಳು ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹಾಕುತ್ತವೆ, ಆದ್ದರಿಂದ ಹತ್ತು ಗಂಟೆಯೊಳಗೆ ಹೋಗುವುದು ಕ್ಷೇಮ.

ಎರಡನೆಯದು ಮೀ ಸಿಯಾಮ್. ಇದು ಮೂಲದಲ್ಲಿ ಒಣ ಸಿಗಡಿ, ಮೊಟ್ಟೆ ಎರಡನ್ನೂ ಹಾಕುವ ಖಾದ್ಯವಾದ್ದರಿಂದ ಸು ಅಂಗಡಿಯನ್ನು ಬಿಟ್ಟು ಬೇರೆಲ್ಲಿಯೂ ಕೇಳಬೇಡಿ. ಅಲ್ಲಿ ಸಿಗುವ ರೂಪದಲ್ಲಿ ಅಕ್ಕಿ ಶಾವಿಗೆಯ ಮೇಲೆ ಹುಣಸೆಹುಳಿಯ, ಹುದುಗಿಸಿದ ಸೋಯಾಕಾಳಿನ ಸಿಹಿ-ಹುಳಿ-ಖಾರದ ಗೊಜ್ಜನ್ನು ಸುರಿದು, ಕರಿದ ತೋಫು ಇಟ್ಟು, ಪಕ್ಕದಲ್ಲಿ ಪುಟ್ಟ ಲಿಂಬೆಹಣ್ಣನ್ನು ಕೊಡುತ್ತಾರೆ. ಹುಳಿ ಶಾವಿಗೆ ಬಲ್ಲವರಿಗೆ ಇದಕ್ಕಿಂತ ಹತ್ತಿರದ ಚೀನೀ-ಮಲಯ ಖಾದ್ಯ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.


ಹಾಲಿಲ್ಲದ ಕಾಫಿ

ನಾನು ಆರು ವರ್ಷಗಳಿಂದ ವೀಗನ್. ಮೇಲಿನ ಇಬ್ಬರೂ ಹೇಳಿದ್ದು ಸರಿ, ಆದರೆ ‘ಬಹುಮಟ್ಟಿಗೆ’ ಎಂಬ ಮಾತಿನ ಹಿಂದೆ ಎರಡು ಮೂರು ಎಚ್ಚರಿಕೆಗಳಿವೆ, ತಮ್ಮ ಮಗಳಿಗಾಗಿ ಅವುಗಳನ್ನು ಹೇಳಲೇಬೇಕು.

ಸು ಅಂಗಡಿಗಳಲ್ಲಿ ಹಂದಿಮಾಂಸ, ಬಾತುಕೋಳಿ, ಮೀನುಗಳ ರೂಪದಲ್ಲಿ ಜೋಡಿಸಿಟ್ಟಿರುವುದೆಲ್ಲ ಸೋಯಾ, ಗೋಧಿಯ ಅಂಟು ಮುಂತಾದವುಗಳಿಂದ ಮಾಡಿದ ನಕಲಿ ಮಾಂಸ. ಅವುಗಳಲ್ಲಿ ಹೆಚ್ಚಿನವು ಕಾರ್ಖಾನೆಯಿಂದ ಬರುತ್ತವೆ, ಕೆಲವಕ್ಕೆ ಗಟ್ಟಿಯಾಗಿ ಹಿಡಿದುಕೊಳ್ಳಲೆಂದು ಮೊಟ್ಟೆಯ ಬಿಳಿಯನ್ನೋ ಹಾಲಿನ ಪುಡಿಯ ಅಂಶವನ್ನೋ ಬೆರೆಸಿರುತ್ತಾರೆ. ಅಂಗಡಿಯವರಿಗೂ ಇದು ತಿಳಿದಿರುತ್ತದೆ ಎನ್ನುವಂತಿಲ್ಲ. ಅದರಿಂದ ನಾನು ತೋಫು, ಸೋಯಾ ಕೆನೆಪದರ, ತರಕಾರಿಗಳನ್ನಷ್ಟೇ ತೋರಿಸಿ ಹಾಕಿಸಿಕೊಳ್ಳುತ್ತೇನೆ. ಕೆಲವು ಅಂಗಡಿಗಳು ಬೀ ಹೂನ್ ಜೊತೆಗೆ ಹುರಿದ ಮೊಟ್ಟೆಯನ್ನೂ ಮಾರುತ್ತವೆ ಎಂಬುದೂ ಗಮನದಲ್ಲಿರಲಿ.

ಮಾತುಗಳು ಇಷ್ಟು ಸಾಕು. ‘ವೋ ಚಿ ಸು’ ಎಂದರೆ ನಾನು ಸಸ್ಯಾಹಾರಿ. ‘ಚುನ್ ಸು’ ಎಂದರೆ ಹಾಲು, ಮೊಟ್ಟೆಗಳೂ ಇಲ್ಲದ ಶುದ್ಧ ಸಸ್ಯಾಹಾರ. ‘ಬು ಯಾವ್ ದಾನ್’ ಎಂದರೆ ಮೊಟ್ಟೆ ಬೇಡ, ‘ಬು ಯಾವ್ ನಾಯ್’ ಎಂದರೆ ಹಾಲು ಬೇಡ. ಮಲಯರ ಅಂಗಡಿಯಲ್ಲಿ ‘ತಕ್ ಮಾವು ತೆಲೂರ್’ ಎಂದರೆ ಮೊಟ್ಟೆ ಬೇಡ ಎಂದಾಗುತ್ತದೆ. ಉಚ್ಚಾರ ಸ್ವಲ್ಪ ತಪ್ಪಿದರೂ ಅವರು ನಗುತ್ತಾರೆಯೇ ಹೊರತು ಬೇಸರಿಸುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಮಾಂಸ ಬೇಡ ಎಂದು ಹೇಳಿ ನಿಲ್ಲಿಸಬೇಡಿ. ಮೀನಿನ ಉಂಡೆಯನ್ನು ಮಾಂಸವೆಂದು ಎಣಿಸದವರು ಬಹಳ ಮಂದಿ ಇದ್ದಾರೆ. ನಿಮ್ಮ ಬಟ್ಟಲಿಗೆ ಮೀನು ಬಂದದ್ದಕ್ಕೂ ಬಹುಶಃ ಅದೇ ಕಾರಣವಿರಬೇಕು.

ನನ್ನ ಹೆಸರಿಗೆ ತಕ್ಕಂತೆ ಒಂದು ಉಪಕಥೆ. ನೂಡಲ್ಸಿನ ಜೊತೆ ಹಾಲಿಲ್ಲದ ‘ಕೋಪಿ ಓ’ ಕುಡಿಯುತ್ತ ನಾನು ಎರಡು ವರ್ಷ ಹೆಮ್ಮೆಪಟ್ಟಿದ್ದೆ. ಇಲ್ಲಿನ ಸಾಂಪ್ರದಾಯಿಕ ಕಾಫಿಬೀಜವನ್ನು ಸಕ್ಕರೆಯ ಜೊತೆಗೆ ಮಾರ್ಗರಿನ್ ಅಥವಾ ಬೆಣ್ಣೆ ಹಾಕಿ ಹುರಿಯುತ್ತಾರೆಂದು ಆಮೇಲೆ ತಿಳಿಯಿತು. ಈಗ ಬಾರ್ಲಿ ನೀರು ಕುಡಿಯುತ್ತೇನೆ.


ಏಕಾದಶಿ

ತುಂಗಾತೀರ ಅವರೇ, ತಮ್ಮ ಅತ್ತೆಯವರ ವಯಸ್ಸಿನವಳಾಗಿ ನಾನು ಬೇರೆ ಕಡೆಯಿಂದ ಯೋಚಿಸುತ್ತೇನೆ. ಅವರಿಗೆ ಅಣಬೆ ಆಗದೆಂದು ನೀವು ಬರೆದದ್ದನ್ನು ಯಾರೂ ಗಮನಿಸಿದಂತಿಲ್ಲ. ಈ ವ್ರತದ ಅಡುಗೆಯಲ್ಲಿ ಮೀನು, ಮಾಂಸಗಳ ರುಚಿಯ ಜಾಗವನ್ನು ತುಂಬುವುದೇ ಅಣಬೆ. ಸಾರಿಗೆ ಶಿಟಾಕೆ ಅಣಬೆ, ಸಿಂಪಿ ಮೀನಿನ ಸಾಸಿಗೆ ಬದಲು ಅಣಬೆಯ ಸಾಸ್, ಮೇಲೆ ಅಲಂಕಾರಕ್ಕೂ ಅಣಬೆ. ನಾನು ಮಗನ ಮನೆಗೆ ಬಂದಾಗಲೆಲ್ಲ ಇದೇ ಪಜೀತಿ. ಇನ್ನೊಂದು, ಫುಡ್ ಕೋರ್ಟುಗಳಲ್ಲಿ ಒಂದೇ ಬಾಣಲೆಯಲ್ಲಿ ಕೋಳಿಯನ್ನೂ ಹುರಿದು ನಂತರ ನಮ್ಮ ಶಾವಿಗೆಯನ್ನೂ ಹುರಿಯುತ್ತಾರಲ್ಲ, ಅದಕ್ಕೇನು ಮಾಡುವುದು? ಮೂರನೆಯದು, ಮಾಂಸ ಬಿಟ್ಟವರು ಅದರ ಗೊಂಬೆಯನ್ನು ಮಾಡಿ ತಿನ್ನುವುದು ನನಗಂತೂ ಸರಿಕಾಣುವುದಿಲ್ಲ.


ಕಡಲಾಚೆ

ಏಕಾದಶಿ ಅಮ್ಮನವರೇ, ಅಣಬೆಯ ವಿಚಾರ ನಿಜ, ನನ್ನ ಗಮನದಿಂದ ತಪ್ಪಿತ್ತು. ‘ಬು ಯಾವ್ ಷ್ಯಾಂಗ್ ಗು’ ಎಂದರೆ ಶಿಟಾಕೆ ಅಣಬೆ ಬೇಡ ಎಂದು. ಇದರಿಂದ ಮೇಲಿನ ಅಣಬೆ ತಪ್ಪುತ್ತದೆ, ಆದರೆ ಸೂಪಿನೊಳಗಿನದು ತಪ್ಪುವುದಿಲ್ಲ. ಆದ್ದರಿಂದ ಅತ್ತೆಯವರು ಸೂಪ್ ನೂಡಲ್ಸ್ ಬಿಟ್ಟು ಹುರಿದದ್ದನ್ನೋ ಶಾವಿಗೆಮಣೆ ಅವರು ಹೇಳಿದ ಹುಣಸೆಯ ಗೊಜ್ಜಿನದನ್ನೋ ಆರಿಸುವುದು ಉತ್ತಮ. ಸಾಸಿನ ಬಗ್ಗೆ ಅಂಗಡಿಯವರನ್ನು ಕೇಳಿಯೇ ನಿರ್ಧರಿಸಬೇಕು.

ಬಾಣಲೆಯ ಪ್ರಶ್ನೆ ಸು ಅಂಗಡಿಯಲ್ಲಿ ಹುಟ್ಟುವುದಿಲ್ಲ, ಅಲ್ಲಿಗೆ ಮಾಂಸವೇ ಬರುವುದಿಲ್ಲವಷ್ಟೇ. ಬೇರೆ ಕಡೆ ನಿಮ್ಮ ಆತಂಕ ಯೋಗ್ಯವಾದದ್ದೇ. ಮೂರನೆಯ ಮಾತಿಗೆ ಮಾತ್ರ ನಾನು ಒಪ್ಪಲಾರೆ. ಅವರಲ್ಲಿ ಬಹಳ ಮಂದಿ ವರ್ಷವಿಡೀ ಸಸ್ಯಾಹಾರಿಗಳಲ್ಲ. ಚಾಂದ್ರಮಾನ ತಿಂಗಳ ಮೊದಲನೆಯ ದಿನ ಮತ್ತು ಹದಿನೈದನೆಯ ದಿನ, ಅಂದರೆ ಹೆಚ್ಚುಕಡಿಮೆ ನಮ್ಮ ಅಮಾವಾಸ್ಯೆ ಮತ್ತು ಹುಣ್ಣಿಮೆಗೆ, ವ್ರತ ಹಿಡಿಯುತ್ತಾರೆ. ದಿನವೂ ಮಾಂಸ ತಿನ್ನುವ ಮನೆಯವರನ್ನು ಆ ಎರಡು ದಿನ ಒಲಿಸಿಕೊಳ್ಳಲು ಅಡುಗೆಯವರು ಕಂಡುಕೊಂಡ ಉಪಾಯ ಅದು ಎಂದು ನಾನು ತಿಳಿದಿದ್ದೇನೆ. ನಮ್ಮ ಶ್ರಾವಣದಲ್ಲಿ ಮಾಂಸ ಬಿಡುವವರ ಮನೆಗಳನ್ನು ನೆನೆದರೆ ಇದು ಅಷ್ಟೇನೂ ವಿಚಿತ್ರವೆನಿಸದು.

ಅಂಥ ದೊಡ್ಡ ವ್ರತ ಇನ್ನೊಂದಿದೆ. ಚೀನೀ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ನವ ಸಾಮ್ರಾಟ ದೇವತೆಗಳ ಉತ್ಸವ ನಡೆಯುತ್ತದೆ, ಭಕ್ತರು ಬಿಳಿಯ ಬಟ್ಟೆಯುಟ್ಟು ಸಸ್ಯಾಹಾರದಲ್ಲಿರುತ್ತಾರೆ, ಹಳದಿಯ ಬಾವುಟಗಳು ಏಳುತ್ತವೆ. ಬಹಳ ವರ್ಷಗಳಲ್ಲಿ ಇದು ನಮ್ಮ ನವರಾತ್ರಿಯ ಜೊತೆಜೊತೆಯೇ ಬರುತ್ತದೆ. 2024ರಲ್ಲಿ ಎರಡೂ ಅಕ್ಟೋಬರ್ 3ರಂದೇ ಆರಂಭವಾದವು. ಅವರ ಅಧಿಕ ಮಾಸ ಮತ್ತು ನಮ್ಮದು ಬೇರೆ ಬೇರೆ ವರ್ಷ ಬಿದ್ದರೆ ಲೆಕ್ಕ ತಪ್ಪುತ್ತದೆ. 2025ರಲ್ಲಿ ಹಾಗೆಯೇ ಆಗಿ ನವರಾತ್ರಿ ಸೆಪ್ಟೆಂಬರ್ 22ಕ್ಕೆ ಬಂದರೆ ಅವರ ಉತ್ಸವ ಅಕ್ಟೋಬರ್ 21ಕ್ಕೆ ಹೋಯಿತು. ಆ ಒಂಬತ್ತು ದಿನ ಮಾಮೂಲಿ ಅಂಗಡಿಗಳಲ್ಲಿಯೂ ಕೆಲವು ವ್ರತದ ನೂಡಲ್ಸ್ ಮಾಡುತ್ತವೆ.


ನೀರುದೋಸೆ

ಒಂದು ಸಣ್ಣ ಎಚ್ಚರಿಕೆಯನ್ನು ಸೇರಿಸುತ್ತೇನೆ. ಯೋಂಗ್ ತಾವ್ ಫೂ ಎಂಬ ಅಂಗಡಿಯಲ್ಲಿ ತೋಫು, ಬೆಂಡೆಕಾಯಿ, ಹಾಗಲಕಾಯಿ, ಬದನೆಕಾಯಿಗಳನ್ನು ಬುಟ್ಟಿಬುಟ್ಟಿಯಾಗಿ ಇಟ್ಟಿರುತ್ತಾರೆ. ನಾವೇ ಇಕ್ಕಳದಿಂದ ಆರಿಸಿ ಕೊಟ್ಟರೆ ನೂಡಲ್ಸ್ ಜೊತೆ ಬೇಯಿಸಿಕೊಡುತ್ತಾರೆ. ಹೊಸದಾಗಿ ಬಂದ ನಮ್ಮವರಿಗೆ ಇದು ಸ್ವರ್ಗದಂತೆ ತೋರುತ್ತದೆ. ಆದರೆ ಆ ಬೆಂಡೆಕಾಯಿಯ ಹೊಟ್ಟೆ ಸೀಳಿ ತುಂಬಿರುವ ಬಿಳಿಯ ಹೂರಣ ಮೀನಿನದು, ಸಾರಿಗೂ ಸಾಮಾನ್ಯವಾಗಿ ಇಕಾನ್ ಬಿಲಿಸ್ ಹಾಕುತ್ತಾರೆ. ನಾನು ಮೂರು ತಿಂಗಳು ಅದನ್ನು ಎಣ್ಣೆಗಾಯಿ ಎಂದುಕೊಂಡು ತಿಂದವನು. ಸಸ್ಯಾಹಾರಿ ಯೋಂಗ್ ತಾವ್ ಫೂ ಅಂಗಡಿಗಳೂ ಇವೆ, ಅಕ್ಷರ ನೋಡಿ ಹೋಗಿ.


ಬೆಣ್ಣೆದೋಸೆ

ಹಾಕರ್ ಸೆಂಟರಿನ ಸೆಕೆ ವಯಸ್ಸಾದವರಿಗೆ ಆಗುವುದಿಲ್ಲ ಎಂಬುದನ್ನು ಯಾರೂ ಹೇಳುತ್ತಿಲ್ಲ. ಎ.ಸಿ. ಇರುವಲ್ಲಿ ಕೂರಿಸಬೇಕೆಂದರೆ ಮಾಲುಗಳಲ್ಲಿ ಗ್ರೀನ್‌ಡಾಟ್ ಎಂಬ ಸಸ್ಯಾಹಾರಿ ಸರಣಿಯ ಮಳಿಗೆಗಳಿವೆ, ನನ್ನ ಹೆಂಡತಿ ಅಲ್ಲಿ ಲಕ್ಸಾ ತಿನ್ನುತ್ತಾಳೆ. ದೊಡ್ಡ ರೆಸ್ಟೋರೆಂಟುಗಳಿಗೆ ಹೋದರೆ ಪಟ್ಟಿಯಲ್ಲಿರುವ ಬೆಲೆಯ ಮುಂದೆ ಎರಡು ಕೂಡಿಸುವ ಚಿಹ್ನೆಗಳಿದ್ದರೆ ಮೊದಲೇ ನೋಡಿಕೊಳ್ಳಿ, ಶೇ. 10ರ ಸೇವಾಶುಲ್ಕ ಮತ್ತು 2024ರಿಂದ ಶೇ. 9ರಷ್ಟಿರುವ ಜಿ.ಎಸ್.ಟಿ. ಅದರ ಮೇಲೆ ಬೀಳುತ್ತವೆ. ನನ್ನ ಸೆರಂಗೂನ್ ರಸ್ತೆಯ ವಾದವನ್ನು ಪೂರ್ತಿ ಹಿಂತೆಗೆದುಕೊಂಡಿಲ್ಲ, ಆದರೆ ಬೆಳ್ಳುಳ್ಳಿಯ ವಿಷಯದಲ್ಲಿ ಮೇಡಂ ಹೇಳಿದ್ದೇ ಸರಿ.


ತುಂಗಾತೀರ

ಎಲ್ಲರಿಗೂ ಕೃತಜ್ಞತೆಗಳು. ಅತ್ತೆಯವರು ಬಂದು ಎರಡು ವಾರವಾಯಿತು, ಮೊನ್ನೆ ಶನಿವಾರ ವಾಟರ್‌ಲೂ ಬೀದಿಗೆ ಹೋಗಿ ಬಂದೆವು. ನಡೆದದ್ದನ್ನು ವಿವರವಾಗಿ ಬರೆಯುತ್ತೇನೆ, ಮುಂದೆ ಇದೇ ಪ್ರಶ್ನೆ ಕೇಳುವವರಿಗೆ ಉಪಯೋಗವಾದೀತು.

ಮೊದಲು ಕೃಷ್ಣನ ದೇವಸ್ಥಾನ, ಆಮೇಲೆ ಕ್ವಾನ್ ಇಮ್ ಗುಡಿ. ಅತ್ತೆಯವರು ಎರಡೂ ಕಡೆ ಒಂದೇ ರೀತಿಯಲ್ಲಿ ಪ್ರದಕ್ಷಿಣೆ ಹಾಕಲು ಹೊರಟರು, ಎರಡನೆಯ ಕಡೆ ಜನಸಂದಣಿಯಿಂದ ಅದು ಸಾಧ್ಯವಾಗಲಿಲ್ಲ. ಅಲ್ಲಿಂದ ಫಾರ್ಚೂನ್ ಸೆಂಟರಿಗೆ ನಡೆದೆವು. ಮೊದಲು ಹೊಕ್ಕ ಅಂಗಡಿಯಲ್ಲಿ ನಾನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ ಮಾತುಗಳನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಕೌಂಟರಿನಲ್ಲಿದ್ದ ಹಿರಿಯ ಹೆಂಗಸು ಪೂರ್ತಿ ಕೇಳಿಸಿಕೊಂಡು, ಇಲ್ಲಿ ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ, ನೀನು ಯಾವ ನೂಡಲ್ಸ್ ಎಂದು ಮಾತ್ರ ಹೇಳು ಎಂದು ಇಂಗ್ಲಿಷಿನಲ್ಲಿಯೇ ಉತ್ತರಿಸಿದರು. ಅಣಬೆಯ ಸಾಸ್ ಬಗ್ಗೆ ಕೇಳಿದಾಗ, ಹುರಿದ ಬೀ ಹೂನ್‌ಗೆ ಅದನ್ನು ಹಾಕುತ್ತೇವೆ, ಮೀ ಸಿಯಾಮ್‌ಗೆ ಹಾಕುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದರು. ಹೀಗೆ ಶಾವಿಗೆಮಣೆ ಅವರ ಎರಡನೆಯ ಶಿಫಾರಸೇ ನಮ್ಮದಾಯಿತು: ಅತ್ತೆಯವರಿಗೂ ಮಗಳಿಗೂ ಒಂದೊಂದು ಮೀ ಸಿಯಾಮ್, ಮೊಟ್ಟೆಯಿಲ್ಲದ್ದು. ನಮ್ಮವರು ಮಾತ್ರ ಚಿತ್ರ ನೋಡಿ ಬೇರೇನನ್ನೋ ತರಿಸಿದರು.

ಆ ಬೇರೇನೋ ಬಂದಾಗ ಮೇಜಿನ ಮೇಲೆ ಸ್ವಲ್ಪ ಹೊತ್ತು ಮೌನ ಕವಿಯಿತು. ನೂಡಲ್ಸಿನ ಮೇಲೆ ಒಂದು ಮೀನಿನ ತುಂಡು ಮಲಗಿತ್ತು. ಸೋಯಾದಿಂದ ಮಾಡಿ, ಚರ್ಮದ ಜಾಗದಲ್ಲಿ ಕಡಲಪಾಚಿಯ ಹಾಳೆಯನ್ನು ಅಂಟಿಸಿ, ನೋಡಿದವರು ನಂಬುವಂತೆ ಕರಿದಿದ್ದರು. ಮೀನು ಬೇಡವೆಂದು ಇಷ್ಟು ದೂರ ಹುಡುಕಿಕೊಂಡು ಬಂದು ಮೀನಿನ ಆಕಾರವನ್ನೇ ಏಕೆ ತಿನ್ನಬೇಕು ಎಂದು ಅತ್ತೆಯವರು ಏಕಾದಶಿ ಅಮ್ಮನವರ ಮಾತನ್ನೇ ಆಡಿದರು. ಹಾಗಾದರೆ ಸಂಕ್ರಾಂತಿಗೆ ಸಕ್ಕರೆ ಅಚ್ಚಿನಲ್ಲಿ ಗಿಳಿ, ಆನೆಗಳನ್ನು ಮಾಡಿ ತಿನ್ನುತ್ತೇವಲ್ಲ ಅಜ್ಜಿ, ಎಂದು ಮಗಳು ಕೇಳಿದಳು. ಅದಕ್ಕೆ ಅವರು ಉತ್ತರ ಕೊಡಲಿಲ್ಲ, ಆದರೆ ಆ ತಟ್ಟೆಯನ್ನು ಕಣ್ಣಿಗೆ ಕಾಣದಂತೆ ಮೇಜಿನ ಆ ತುದಿಗೆ ಸರಿಸುವಂತೆ ಮಗನಿಗೆ ಹೇಳಿದರು.

ಮೀ ಸಿಯಾಮ್ ವಿಚಾರದಲ್ಲಿ ಅವರ ತೀರ್ಪು ಹೀಗಿದೆ: ಹುಣಸೆಹುಳಿ ಹಳೆಯದಲ್ಲ, ಬೆಲ್ಲದ ಬದಲು ಸಕ್ಕರೆ ಹಾಕಿದ್ದಾರೆ, ಶಾವಿಗೆ ಒಂದು ಕುದಿ ಹೆಚ್ಚು 	ಬೆಂದಿದೆ, ಒಗ್ಗರಣೆಯೇ ಇಲ್ಲ. ಇಷ್ಟು ಹೇಳಿ ಬಟ್ಟಲಿನ ಗೊಜ್ಜನ್ನು ಪೂರ್ತಿ ಕುಡಿದು ಮುಗಿಸಿದರು.


ಶಾವಿಗೆಮಣೆ

ಬಹಳ ಸಂತೋಷವಾಯಿತು. ಅವರು ಊರಿಗೆ ಮರಳುವ ಮೊದಲು ಪುಟು ಮಾಯಮ್ ಒಂದನ್ನು ತಿನ್ನಿಸಿ ಕಳಿಸಿ. ಅದು ನಮ್ಮ ಒತ್ತು ಶಾವಿಗೆಯೇ. ಹಬೆಯಲ್ಲಿ ಬೆಂದ ಅಕ್ಕಿ ಎಳೆಗಳ ಬಿಲ್ಲೆಯ ಮೇಲೆ ತೆಂಗಿನತುರಿ ಮತ್ತು ಕಿತ್ತಳೆ ಬಣ್ಣದ ಸಕ್ಕರೆ ಹಾಕಿ ಕೊಡುತ್ತಾರೆ. ಹಾಲಿಲ್ಲ, ಅಣಬೆಯಿಲ್ಲ, ಈರುಳ್ಳಿಯ ಮಾತೇ ಇಲ್ಲ. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿನ ಕಡೆ ಬೆಳಿಗ್ಗೆ ವಿಚಾರಿಸಿ ನೋಡಿ.


ತುಂಗಾತೀರ

ಅವಶ್ಯವಾಗಿ ವಿಚಾರಿಸುತ್ತೇವೆ. ಆದರೆ ಅದಕ್ಕೂ ಮೊದಲು ಬರುವ ಹುಣ್ಣಿಮೆಗೆ ಮತ್ತೊಮ್ಮೆ ಆ ಹೆಂಗಸಿನ ಅಂಗಡಿಗೇ ಹೋಗಬೇಕೆಂದು ಅತ್ತೆಯವರ ಅಪ್ಪಣೆಯಾಗಿದೆ. ಅಂದು ವ್ರತದವರ ಸಾಲು ಉದ್ದವಿರುತ್ತದೆ ಎಂದು ಕಡಲಾಚೆ ಅವರ ಮಾತಿನಿಂದ ಊಹಿಸಿದ್ದೇನೆ. ಹನ್ನೊಂದು ಗಂಟೆಗೆ ಮೊದಲು ತಲುಪಿದರೆ ನಾಲ್ವರಿಗೆ ಒಂದು ಮೇಜು ಸಿಗಬಹುದೇ?


ಕಡಲಾಚೆ

ಹತ್ತೂವರೆಗೆ ಹೋಗಿ. ಮೇಜು ಸಿಕ್ಕ ಕೂಡಲೇ ಅದರ ಮೇಲೆ ಒಂದು ಟಿಶ್ಯೂ ಪೊಟ್ಟಣ ಇಟ್ಟು (ಇಲ್ಲಿ ಅದು ಜಾಗ ಹಿಡಿದಿದ್ದೇವೆ ಎಂಬುದರ ಗುರುತು) ಅತ್ತೆಯವರನ್ನು ಕೂರಿಸಿ, ಉಳಿದವರು ಸಾಲಿನಲ್ಲಿ ನಿಲ್ಲಿ.